ಉಪ್ಪಿನ ಬಯಲಿಗೆ ಹೋದ ಸಿಂಗವ್ವ

ಒಂಟೆಗಳಿಗೂ ದಾರಿ ತಪ್ಪುತ್ತಿದ್ದ ಕಾಲದಲ್ಲಿ, ಮರಳುಗಾಡಿನ ಅಂಚಿಗೆ ಹೊನ್ನಮರಡಿ ಎಂಬ ರಾಜ್ಯವಿತ್ತು. ಅಲ್ಲಿ ಸಿಂಗವ್ವ ಎಂಬುವಳು ಕಂಬಳಿ ನೇಯ್ದು ಬದುಕುತ್ತಿದ್ದಳು. ಉಪ್ಪು ತರಲು ಬಿಳಿ ಬಯಲಿಗೆ ಹೋದ ಅವಳ ತಮ್ಮ ಈರಣ್ಣ ಮರಳಿ ಬರಲಿಲ್ಲ. ಬಯಲಿನ ಮಾಂತ್ರಿಕ ಕ್ಷಾರಮುಖ ಅವನನ್ನು ಉಪ್ಪಿನ ಬೊಂಬೆ ಮಾಡಿದ್ದಾನೆ ಎಂಬ ಸುದ್ದಿ ಬಂತು. ಮಳೆ ಬಿದ್ದರೆ ಬೊಂಬೆ ಕರಗುತ್ತದೆ. ಮಳೆಗೆ ಮೂರೇ ದಿನ ಉಳಿದಿತ್ತು.

ಸಿಂಗವ್ವ ಹೊರಟಳು. ಬಯಲಿನ ಅಂಚಿನಲ್ಲಿ ಒಂದು ಕಾಡುಕತ್ತೆ ಬಾಯಾರಿ ಬಿದ್ದಿತ್ತು. ಅವಳು ತನ್ನಲ್ಲಿದ್ದ ನೀರಿನಲ್ಲಿ ಅರ್ಧ ಕುಡಿಸಿದಳು.

"ನಿನ್ನ ಉಪಕಾರ ಮರೆಯಲಾರೆ, ತಂಗಿ," ಎಂದಿತು ಕತ್ತೆ. "ನಾನೂ ಉಪ್ಪು ತೆಗೆಯುತ್ತಿದ್ದ ಮನುಷ್ಯನೇ, ತಿಪ್ಪಣ್ಣ ಅಂತ. ಆ ಮಾಂತ್ರಿಕ ಹೀಗೆ ಮಾಡಿದ. ಬಾ, ದಾರಿ ತೋರಿಸುತ್ತೇನೆ."

ಮೊದಲ ದಿನ ನೆಲ ಕಾಲಡಿ ಕುಸಿಯತೊಡಗಿತು. "ಕಪ್ಪಗೆ ಒದ್ದೆಯಾದಲ್ಲಿ ಕಾಲಿಡಬೇಡ, ಕೆಳಗೆ ಕೆಸರು," ಎಂದ ತಿಪ್ಪಣ್ಣ. "ಜೇನುಗೂಡಿನಂತೆ ಗೆರೆ ಎದ್ದ ಕಡೆ ಉಪ್ಪು ಒಣಗಿ ಗಟ್ಟಿಯಾಗಿದೆ." ಆ ಗೆರೆಗಳ ಮೇಲೆಯೇ ಅವಳು ದಾಟಿದಳು.

ಎರಡನೆಯ ದಿನ ನೀರು ಮುಗಿಯಿತು. ಎದುರಿಗೆ ದೊಡ್ಡ ಕೆರೆ ಹೊಳೆಯಿತು. ಸಿಂಗವ್ವ ಹತ್ತು ಹೆಜ್ಜೆ ಓಡಿದಳು; ಕೆರೆಯೂ ಹತ್ತು ಹೆಜ್ಜೆ ಹಿಂದೆ ಸರಿಯಿತು.

"ಅಣ್ಣಾ, ಇದು ಬಿಸಿಲುಗುದುರೆ," ಎಂದು ಅವಳು ನಿಂತಳು. "ಕಾದ ಗಾಳಿಯಲ್ಲಿ ಆಕಾಶವೇ ನೀರಿನ ಹಾಗೆ ಕಾಣುತ್ತಿದೆ." ಬಾಯಾರಿಕೆ ನುಂಗಿಕೊಂಡು ನೇರ ನಡೆದಳು.

ಮೂರನೆಯ ದಿನ ಮೋಡ ಕವಿಯಿತು. ಈರಣ್ಣನ ಬೊಂಬೆಯ ಪಕ್ಕದಲ್ಲಿ ಕ್ಷಾರಮುಖ ಕೂತಿದ್ದ.

"ಈ ಉಪ್ಪನ್ನೆಲ್ಲ ಮಾಡಿದವರು ಯಾರು? ಸರಿ ಹೇಳಿದರೆ ನನ್ನ ಮಾಯೆ ಮುಗಿಯಿತು. ತಪ್ಪಿದರೆ ನೀನೂ ಬೊಂಬೆ."

ಸಿಂಗವ್ವ ಸುತ್ತ ನೋಡಿದಳು. ನಾಲ್ಕೂ ಕಡೆ ಗುಡ್ಡ. ಒಣಗಿದ ಹಳ್ಳಗಳೆಲ್ಲ ಬಯಲಿಗೆ ಇಳಿದಿದ್ದವು. ಹೊರಗೆ ಹೋದ ಹಳ್ಳ ಒಂದೂ ಇರಲಿಲ್ಲ.

"ನೀನಂತೂ ಅಲ್ಲ," ಎಂದಳು. "ಮಳೆನೀರು ಗುಡ್ಡದ ಕಲ್ಲಿನಿಂದ ಉಪ್ಪನ್ನು ಇಷ್ಟಿಷ್ಟೇ ತೊಳೆದು ತಂದಿತು. ಮುಂದೆ ಹೋಗಲು ದಾರಿಯಿಲ್ಲದೆ ಇಲ್ಲೇ ನಿಂತಿತು. ಬಿಸಿಲು ನೀರನ್ನು ಕುಡಿಯಿತು, ಉಪ್ಪು ಉಳಿಯಿತು. ಮಳೆ, ಕಲ್ಲು, ಬಿಸಿಲು ಸೇರಿ ಸಾವಿರಾರು ವರ್ಷ ದುಡಿದಿವೆ."

ಮೊದಲ ಹನಿ ಬಿತ್ತು. ಕ್ಷಾರಮುಖನೇ ಉಪ್ಪಾಗಿ ಕರಗಿಹೋದ. ಈರಣ್ಣನ ಕೆನ್ನೆಗೆ ಬಣ್ಣ ಬಂತು. "ಅಕ್ಕಾ, ಎಷ್ಟು ದೂರ ಬಂದೆ," ಎಂದು ಅವಳ ಕೈ ಹಿಡಿದ. ತಿಪ್ಪಣ್ಣ ಮತ್ತೆ ಮನುಷ್ಯನಾಗಿ ಎರಡು ಕಾಲಿನ ಮೇಲೆ ನಿಂತು ಅತ್ತ.

ಬಯಲ ತುಂಬ ತೆಳುವಾಗಿ ನೀರು ಹರಡಿತು. ಮೋಡಗಳು ಅವರ ಪಾದದ ಕೆಳಗೆ ತೇಲಿದವು. ಸಿಂಗವ್ವ ಬಾಗಿ, ಒದ್ದೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಇಷ್ಟು ದಿನ ನಿನ್ನ ಉಪ್ಪು ತಿಂದೆ ತಾಯಿ, ನಿನ್ನನ್ನು ಅರಿತದ್ದು ಈಗ."

ಅಂದಿನಿಂದ ಹೊನ್ನಮರಡಿಯವರು ಆ ನೆಲಕ್ಕೆ ಕೈಮುಗಿದೇ ಉಪ್ಪು ತೆಗೆದರು. ಅಕ್ಕ, ತಮ್ಮ, ತಿಪ್ಪಣ್ಣ ಮೂವರೂ ಒಂದೇ ಒಲೆಯ ಅನ್ನ ಉಂಡು ಸುಖವಾಗಿ ಬಾಳಿದರು.