ಕಾಕಾಸಾಹೇಬರ ಹದಿನಾಲ್ಕು ಸಾವಿರ ಹೆಜ್ಜೆ

"ನನ್ನ ಮಗಳು ಅಂಥಾಕಿ ಅಲ್ರೀ," ಎಂದು ಸಕೀನಾಬಿ ಹೊಸ್ತಿಲಲ್ಲೇ ಕೂತು ಅಳತೊಡಗಿದಾಗ ವಿರುಪಾಕ್ಷಪ್ಪ ಗೋಡೆಯ ಕ್ಯಾಲೆಂಡರಿನ ಮೇಲೆ ಕರೆಂಟ್ ಹೋದ ಹೊತ್ತು ಗುರುತು ಹಾಕುತ್ತಿದ್ದ. ಮೀಟರ್ ರೀಡರ್ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾದರೂ ಈ ಚಟ ಬಿಟ್ಟಿರಲಿಲ್ಲ. ಬೋರಗಾಂವದಲ್ಲಿ ಕರೆಂಟ್ ಹೋದದ್ದನ್ನೆಲ್ಲ ಬರೆದಿಡುವವನಿಗೆ ಹುಚ್ಚ ಎನ್ನದೆ ಏನೆನ್ನಬೇಕು? ಆದರೂ ಊರಲ್ಲಿ ಕೋಳಿ ಕಳೆದರೆ ಜನ ಅವನ ಬಳಿಗೇ ಬರುತ್ತಿದ್ದರು. ಅವನು ನನ್ನನ್ನು ಎಬ್ಬಿಸುತ್ತಿದ್ದ. ನಾನು ಮಾಯಪ್ಪ, ನಿವೃತ್ತ ಕನ್ನಡ ಮಾಸ್ತರ, ಒಂದು ಹಳೆಯ ಸ್ಕೂಟರಿನ ಮಾಲೀಕ. ಆ ಸ್ಕೂಟರ್ ಇಲ್ಲದಿದ್ದರೆ ನನ್ನ ಮುಪ್ಪು ಸುಖವಾಗಿರುತ್ತಿತ್ತು.

ಅದು ೨೦೧೮ರ ಮಾತು. ಸಕೀನಾಬಿಯ ಮಗಳು ಫರಹೀನ ಬಾಳಾಸಾಬರ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಗೆ ಅವಳದೊಂದೇ ದುಡಿಮೆ. ನಾಲ್ಕು ದಿನದ ಹಿಂದೆ, ನಾಲ್ಕು ಪವರ್‌ಲೂಮ್ ಮಗ್ಗಗಳ ಮಾಲೀಕ ಕಾಕಾಸಾಹೇಬರು ಮನೆಯಲ್ಲೇ ತಲೆ ತಿರುಗಿ ಬಿದ್ದಿದ್ದರು. ರಕ್ತದ ಸಕ್ಕರೆ ನಾನೂರು ದಾಟಿತ್ತು. ದಿನಾ ಗುಳಿಗೆ ನುಂಗುವ, ದಿನಾ ನಡೆಯುವ ಮನುಷ್ಯನಿಗೆ ಹೀಗೇಕಾಯಿತು? ಫರಹೀನ ಖರೇ ಗುಳಿಗೆ ಮಾರಿಕೊಂಡು ಸುಳ್ಳು ಗುಳಿಗೆ ಕೊಟ್ಟಿದ್ದಾಳೆ ಎಂದು ಅವರ ಮಗಳು ಕಾಂಚನ ಊರಿಗೆಲ್ಲ ಹೇಳಿದ್ದಳು. ಬಾಳಾಸಾಬರು ಹುಡುಗಿಯನ್ನು ಕೆಲಸದಿಂದ ನಿಲ್ಲಿಸಿ, ಮರುದಿನ ಪೊಲೀಸರಿಗೆ ದೂರು ಕೊಡುವುದಾಗಿ ಹೇಳಿದ್ದರು.

"ಸ್ಕೂಟರ್ ತಗೀರಿ ಮಾಸ್ತರ," ಎಂದ ವಿರುಪಾಕ್ಷಪ್ಪ. ತೆಗೆದೆ. ನನ್ನ ಹಣೆಬರಹ.

ಮೊದಲು ನಿಪ್ಪಾಣಿಗೆ ಹೋಗಿ ಸಗಟು ವ್ಯಾಪಾರಿಯಲ್ಲಿ ಗುಳಿಗೆಯ ಬ್ಯಾಚ್ ನಂಬರ್ ತಾಳೆ ನೋಡಿದೆವು. ಸರಿಯಿತ್ತು. ಕಾಕಾಸಾಹೇಬರ ಮನೆಗೆ ಬಂದು ಅದನ್ನು ಹೇಳಿದರೆ ಕಾಂಚನ ಒಪ್ಪಬೇಕಲ್ಲ!

"ಪಾಕೀಟ ಖರೇ ಇದ್ರ ಒಳಗಿನ ಗುಳಿಗೀನೂ ಖರೇ ಅಂತ ಹ್ಯಾಂಗ್ ಹೇಳೂದ್ರಿ? ಅವ್ವ ಬೆಲ್ಲದ ಡಬ್ಬಿಗೆ ಕೀಲಿ ಹಾಕ್ಯಾಳ. ಅಪ್ಪ ದಿನಾ ಹದಿನಾಕ ಸಾವಿರ ಹೆಜ್ಜಿ ನಡೀತಾರ. ಇಲ್ಲಿ ನೋಡ್ರಿ." ಅವಳು ಮೊಬೈಲನ್ನು ನಮ್ಮ ಮೂಗಿಗೆ ಹಿಡಿದಳು. ಅಪ್ಪನ ಕೈಗೆ ಅವಳೇ ಕಟ್ಟಿದ್ದ, ಹೆಜ್ಜೆ ಎಣಿಸುವ ಕರೀ ಬ್ಯಾಂಡಿನ ಲೆಕ್ಕ ಆ್ಯಪಿನಲ್ಲಿ ದಿನದಿನಕ್ಕೂ ಬರುತ್ತಿತ್ತು. "ಯಂತ್ರ ಸುಳ್ಳ ಹೇಳತೈತೇನ್ರೀ?"

ಮುಂಜಾನೆ ಆರರಿಂದ ಎಂಟರವರೆಗೆ ಹೆಜ್ಜೆಗಳು ಒಂದೇ ಸಮ ಇದ್ದವು. ಆದರೆ ಮಂಗಳವಾರ ಆರು ನಲವತ್ತಕ್ಕೆ ನಿಂತು ಏಳು ಹದಿನೈದಕ್ಕೆ ಮತ್ತೆ ಶುರುವಾಗಿದ್ದವು. ಗುರುವಾರವೂ ಇಪ್ಪತ್ತು ನಿಮಿಷ ನಿಂತಿದ್ದವು.

"ಈ ಖಾಲಿ ಗೆರಿ ಏನ ತಂಗಿ?" ಎಂದ ವಿರುಪಾಕ್ಷಪ್ಪ.

"ಅದು ಎದಿಬಡಿತದ್ದು. ಎಂಟರ ಮ್ಯಾಲೆ ಬರತೈತಿ, ನಡಿಯೂ ಮುಂದ ಬರೂದಿಲ್ಲ. ಬ್ಯಾಂಡ್ ಸಡ್ಲ ಆಗತಿರಬೇಕು."

ಹಾಸಿಗೆಯ ಮೇಲಿದ್ದ ಕಾಕಾಸಾಹೇಬರನ್ನು ವಿರುಪಾಕ್ಷಪ್ಪ ಕೇಳಿದ, "ನಡಕೊಂತ ನಡುವ ಎಲ್ಲ್ಯರೆ ಕುಂತೀರೇನು?"

"ನಾ ಕುಂದ್ರೂ ಮನಶ್ಯಾ ಅಲ್ಲ," ಎಂದರು ಅವರು ಸಿಟ್ಟಿನಿಂದ. "ಎರಡ ತಾಸು, ಎಡಬಿಡದ!"

ಅಷ್ಟರಲ್ಲಿ ಕರೆಂಟ್ ಹೋಯಿತು. ಹಿತ್ತಲಿನ ಶೆಡ್ಡಿನಲ್ಲಿ ಖಟಖಟ ಎನ್ನುತ್ತಿದ್ದ ಮಗ್ಗಗಳು ಒಮ್ಮೆಲೇ ನಿಂತವು. ವಿರುಪಾಕ್ಷಪ್ಪ ಗಡಿಯಾರ ನೋಡಿ ನಕ್ಕ. ಅವನು ಹಾಗೆ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ, ಏಕೆಂದರೆ ಕೇಳಿದರೆ ಹೇಳುವುದಿಲ್ಲ. ಕ್ಯಾಲೆಂಡರ್ ತರಲು ನನ್ನನ್ನೇ ತನ್ನ ಮನೆಗೆ ಓಡಿಸಿದ.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸೇರಿದರು: ಕಾಕಾಸಾಹೇಬರು, ಅವರ ಹೆಂಡತಿ ಸುಂದರಾ, ಕಾಂಚನ, ಬಾಳಾಸಾಬರು, ಮಗ್ಗ ನಡೆಸುವ ಸಮಾಧಾನ. ಫರಹೀನ ಬರಲಿಲ್ಲ. ಕಳ್ಳಿ ಎಂದ ಮನೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಹೇಳಿ ಕಳಿಸಿದ್ದಳು. ಸರಿಯಾಗಿಯೇ ಹೇಳಿದ್ದಳು.

"ಗುಳಿಗಿ ಖರೇ ಅದಾವ," ಎಂದು ವಿರುಪಾಕ್ಷಪ್ಪ ಶುರುಮಾಡಿದ. "ಹಂಗಾರ ಸುಳ್ಳ ಯಾವುದು? ಮನಶ್ಯಾ ನಡದ್ರ ಒಮ್ಮೆ ಜೋರ ಆಗತೈತಿ, ಒಮ್ಮೆ ಸಾವಕಾಶ. ಇಲ್ಲಿ ಎರಡ ತಾಸೂ ಒಂದ ಸಮ. ಸಾಹೇಬ್ರು ಎಲ್ಲೂ ಕುಂತಿಲ್ಲಂದ್ರು. ಆದ್ರ ಹೆಜ್ಜಿ ಎರಡ ದಿನ ನಿಂತಾವ. ನನ್ನ ಕ್ಯಾಲೆಂಡರ್ ನೋಡ್ರಿ. ಮಂಗಳವಾರ ಆರು ನಲವತ್ತಕ್ಕ ಕರೆಂಟ್ ಹೋಗೇತಿ, ಏಳು ಹದಿನೈದಕ್ಕ ಬಂದೈತಿ. ಗುರುವಾರ ಇಪ್ಪತ್ತ ಮಿನಿಟ. ಕರೆಂಟ್ ಹೋದ್ರ ಮನಶ್ಯಾನ ಕಾಲ ನಿಲ್ಲೂದಿಲ್ಲ, ಮಗ್ಗ ನಿಲ್ಲತೈತಿ. ಎದಿಬಡಿತದ ಗೆರೀನೂ ಅದಕ್ಕ ಖಾಲಿ. ಹದಿನಾಕ ಸಾವಿರ ಹೆಜ್ಜಿ ನಡದಾವರ ಎದಿ ಒಮ್ಮೆನೂ ಬಡಿಲಿಲ್ಲಂದ್ರ, ಬ್ಯಾಂಡ್ ಯಾವ ಮನಶ್ಯಾನ ಕೈಯಾಗೂ ಇರಲಿಲ್ಲ."

ಸಮಾಧಾನ ತಲೆ ತಗ್ಗಿಸಿದ. "ಮಾಲಕರ ಕೊಟ್ಟಿದ್ರು. ನೀ ಹ್ಯಾಂಗೂ ಮಗ್ಗದ ನಡುವ ತಿರಗತೀ, ಕಟಗೊಂಡ ತಿರಗಂದ್ರು. ನೂಲ ಗಂಟ ಹಾಕಾಕ ಅಡ್ಡ ಬರತಿತ್ರಿ. ಹಿಂದ ಮುಂದ ಆಡೂ ಮಗ್ಗದ ಫಣಿಗೆ ಕಟ್ಟಿದೆ. ಎಂಟಕ್ಕ ಬಿಚ್ಚಿ ಕೊಡತಿದ್ದೆ."

"ಮಗ್ಗಕ್ಕ?" ಎಂದು ಕಾಕಾಸಾಹೇಬರು ಹಾಸಿಗೆಯಿಂದ ಎದ್ದೇ ಕೂತರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಲೇ, ನನ್ನ ಹೆಸರಲೆ ನೀ ನಡೀತಿ ಅಂತ ನಂಬಿದ್ನಲ್ಲೋ!"

"ಅಂವ ನಡದ್ರ ನಿಮ್ಮ ಸಕ್ಕರಿ ಹ್ಯಾಂಗ್ ಇಳೀತೈತ್ರೀ?" ನನಗೆ ತಡೆಯಲಾಗಲಿಲ್ಲ.

"ಯಾಕ ಇಳಿಯೂದಿಲ್ಲ ಮಾಸ್ತರ? ನಮ್ಮವ್ವ ಪಂಢರಪುರಕ್ಕ ನಡೀತೀನಂತ ಹರಕಿ ಹೊತ್ತಿದ್ಲು. ಆಕಿ ಕಾಲ ಬಿದ್ದು ಹೋದುವು. ಆಕಿ ಬದಲಿ ನಾ ನಡದೆ. ಪಾಂಡುರಂಗ ಒಪ್ಪಿದ, ಆಕಿ ಹರಕಿ ತೀರಿತು. ದೇವರ ಒಪ್ಪೂದನ್ನ ಈ ಬ್ಯಾಂಡ್ ಒಪ್ಪೂದಿಲ್ಲೇನು?"

ಅವರು ತಮಾಷೆ ಮಾಡುತ್ತಿರಲಿಲ್ಲ.

"ಆ ಎರಡ ತಾಸು ನೀವೆಲ್ಲಿರತಿದ್ರಿ?" ಎಂದಳು ಸುಂದರಾ.

"ಸ್ಟ್ಯಾಂಡಿನ ಹೋಟೆಲಿನ್ಯಾಗ. ಆರನೂರು ಕ್ಯಾಲರಿ ಖರ್ಚ ಆತಂತ ಮೊಬೈಲ್ ಹೇಳತಿತ್ತು. ಖರ್ಚಾದದ್ದ ತುಂಬಬೇಕಲ್ಲಾ? ನಾಕೈದು ಪೇಢೆ ತಿಂತಿದ್ದೆ."

ಸುಂದರಾ ಸೆರಗಿನ ತುದಿಯ ಕೀಲಿಯನ್ನು ಬಿಚ್ಚಿ ಗಂಡನ ಮುಂದೆ ಎಸೆದು ಒಳಗೆ ಹೋದಳು. ಬಾಳಾಸಾಬರು ದೂರಿನ ಕಾಗದವನ್ನು ಹರಿದರು. ಕಾಂಚನ ಮುಖ ಮುಚ್ಚಿಕೊಂಡಳು.

"ಕಾಂಚನ," ಎಂದರು ಕಾಕಾಸಾಹೇಬರು ಮೆಲ್ಲಗೆ, "ನೀ ಹೋಗಿ ಆ ಹುಡಿಗಿಗೆ ನನ್ನ ಪರವಾಗಿ ತಪ್ಪಾತಂತ ಹೇಳಿ ಬಾ."

ಆಗ ವಿರುಪಾಕ್ಷಪ್ಪನ ತಾಳ್ಮೆ ತಪ್ಪಿತು. "ಇದನ್ನೂ ಬ್ಯಾರೇದಾವರ ಕೈಲೆ ಮಾಡಸ್ತೀರೇನ್ರಿ? ಏಳ್ರಿ!"

ಫರಹೀನಳ ಮನೆ ಮೂರು ಓಣಿ ಆಚೆಗಿತ್ತು. ಅಪ್ಪ ಮಗಳು ಮುಂದೆ, ನಾನು ನೀರಿನ ಬಾಟಲಿ ಹಿಡಿದು ಹಿಂದೆ. ಕಾಕಾಸಾಹೇಬರು ಎರಡು ಸಲ ಕೂತು ಎದ್ದರು. ಹುಡುಗಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಕಾಂಚನ ಅತ್ತಳು, ಅವಳು ಅಳಲಿಲ್ಲ.

"ನಾಕ ದಿನದಿಂದ ನಮ್ಮ ಅಮ್ಮಿ ನೀರಿಗೆ ಹೋದ್ರ ಹೆಂಗಸ್ರು ಸರದ ನಿಲ್ಲತಾರ. ನಮ್ಮ ಬಾಗಲದಾಗ ನಿಂತ ನನ್ನೊಬ್ಬಾಕಿಗೆ ತಪ್ಪಾತಂದ್ರ ಏನ್ ಉಪಯೋಗ, ಕಾಕಾ? ಕಳ್ಳಿ ಅಂತ ಯಾವ ಯಾವ ಮನ್ಯಾಗ ಹೇಳೀರಿ, ಆ ಮನಿಗೆಲ್ಲಾ ಹೋಗಿ ಅಲ್ಲಂತ ಹೇಳ್ರಿ. ನೀವ ಹೋಗ್ರಿ. ನಿಮ್ಮ ಕಾಲಲೆ."

"ಇಡೀ ಊರಿಗೆ ಹೇಳೇನ್ರೀ ಅಪ್ಪ," ಎಂದಳು ಕಾಂಚನ ಸಣ್ಣ ದನಿಯಲ್ಲಿ.

ಕಾಕಾಸಾಹೇಬರು ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದರು. ನಾನು ಸ್ಕೂಟರ್ ತರುತ್ತೇನೆಂದೆ. ಬೇಡವೆಂದು ಕೈ ಮಾಡಿ, ಪಕ್ಕದ ಮನೆಯ ಕದ ಬಡಿದರು.