ಕಣದಲ್ಲಿ ಬಿಚ್ಚಿದ ಬೂಟು

ಈಶಪ್ಪ ಮಾಸ್ತರರು ಮಣ್ಣಿನಲ್ಲಿ ಮೊಣಕಾಲೂರಿ ಕೂತು ದುರಗಪ್ಪನ ಬೂಟಿನ ಲಾಡಿಗೆ ಮೂರನೆಯ ಗಂಟು ಹಾಕಿದರು. ಜಗ್ಗಿ ನೋಡಿದರು.

"ಈಗ ಬಿಚ್ಚಂದ್ರೂ ಬಿಚ್ಚಂಗಿಲ್ಲ," ಎಂದರು.

ಬೂಟು ಮಾಸ್ತರರ ಮಗನದು. ದುರಗಪ್ಪನ ಕಾಲಿಗೆ ಎರಡು ಬೆರಳು ದೊಡ್ಡದು. ಅದಕ್ಕೇ ತುದಿಯಲ್ಲಿ ಹತ್ತಿ ತುರುಕಿದ್ದರು. ಬೂಟಿಲ್ಲದ ಹುಡುಗನನ್ನು ಓಟಕ್ಕೆ ನಿಲ್ಲಿಸುವುದಿಲ್ಲ ಎಂದು ಹೈದರಾಬಾದಿನಿಂದ ಬಂದ ಕಾಗದದಲ್ಲಿ ಬರೆದಿತ್ತು. ಹುಟ್ಟಿದಾಗಿನಿಂದ ಬರಿಗಾಲಲ್ಲೇ ಓಡಿದ ಹುಡುಗ ಈಗ ಕೆಸರಿನಲ್ಲಿ ನಡೆಯುವ ಕೋಳಿಯಂತೆ ಕಾಲು ಎತ್ತಿ ಎತ್ತಿ ಇಡುತ್ತಿದ್ದ.

ಹೈದರಾಬಾದಿನ ಹೊರಗಿನ ಮೈದಾನದಲ್ಲಿ ಅರವತ್ತು ಹುಡುಗರಿದ್ದರು. ಇಡೀ ನಿಜಾಮ ಸಂಸ್ಥಾನದ ಶಾಲೆಗಳಿಂದ ಆರಿಸಿ ಕಳಿಸಿದವರು. ತಾವರಗೇರಾದ ಶಾಲೆಯಿಂದ ಒಬ್ಬನೇ, ದುರಗಪ್ಪ. ಕೊಪ್ಪಳದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು ಮತ್ತೆ ಹತ್ತಿ, ಯುದ್ಧಕ್ಕೆ ಹೊರಟ ಸಿಪಾಯಿಗಳ ಟ್ರಂಕುಗಳ ನಡುವೆ ಕೂತು ಬಂದಿದ್ದ.

ಇದು ಮೈದಾನದಲ್ಲಿ ಸುತ್ತು ಹಾಕುವ ಓಟವಲ್ಲ. ಹೊಲ, ಹಳ್ಳ, ದಿಬ್ಬ ದಾಟಿ, ಕೆಂಪು ಬಾವುಟ ನೆಟ್ಟ ದಾರಿ ಹಿಡಿದು, ಒಂದು ಹರದಾರಿ, ಅಂದರೆ ಮೂರು ಮೈಲಿ, ಓಡಿ ಇದೇ ಜಾಗಕ್ಕೆ ತಿರುಗಿ ಬರಬೇಕು. ಮಾಸ್ತರರು ಅದಕ್ಕೆ ಕ್ರಾಸ್ ಕಂಟ್ರಿ ಎನ್ನುತ್ತಿದ್ದರು. ಮೊದಲ ಮೂವರಿಗೆ ಬಿಲ್ಲೆ. ನೀಲಿ ರಿಬ್ಬನ್ನಿಗೆ ಪೋಣಿಸಿದ ಆ ಮೂರು ಬಿಲ್ಲೆಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ದುರಗಪ್ಪ ಬೆಳಿಗ್ಗೆಯಿಂದ ನಾಲ್ಕು ಸಲ ಹೋಗಿ ನೋಡಿ ಬಂದಿದ್ದ.

ಬಿಲ್ಲೆ ಅವನಿಗಲ್ಲ, ಅಕ್ಕ ಹುಲಗಮ್ಮನಿಗೆ ಬೇಕಿತ್ತು.

ಮೂರು ತಿಂಗಳು ಅವನ ಪಾಲಿನ ಆಡುಗಳನ್ನೂ ಅವಳೇ ಮೇಯಿಸಿದ್ದಳು. ದಿನಾ ಬೆಳಿಗ್ಗೆ ಅವನನ್ನು ಎಬ್ಬಿಸಿ, ಕೆರೆಯ ಒಡ್ಡಿನಿಂದ ಬನ್ನಿ ಮರದ ತನಕ ತಾನೂ ಜೊತೆಗೆ ಓಡುತ್ತಿದ್ದಳು. ಪರಕಾರ ಮೇಲೆ ಸಿಕ್ಕಿಸಿ, ಕೈಯಲ್ಲಿ ಆಡು ಕಾಯುವ ಕೋಲು ಹಿಡಿದೇ ಓಡುವಳು. ಅವನು ಏದುಸಿರು ಬಿಡುತ್ತ ಬಂದಾಗ ಮರಕ್ಕೆ ಒರಗಿ ನಿಂತು, "ಬರ್ರಿ ಮುತ್ಯಾ, ಸಾವಕಾಶ ಬರ್ರಿ," ಎನ್ನುವಳು. ದೊಡ್ಡವಳು, ಕಾಲು ಉದ್ದ, ಮುಂದೆ ಹೋಗುತ್ತಾಳೆ. ಅದರಲ್ಲೇನಿದೆ ಎಂದುಕೊಳ್ಳುತ್ತಿದ್ದ ದುರಗಪ್ಪ. ಒಮ್ಮೆ ಮಾಸ್ತರರು ಬಂದು ನಿಂತು ಎಣಿಸಿ, ಅವನ ಓಟಕ್ಕೆ ನಲವತ್ತು ಎಣಿಕೆ ಬೇಕು ಎಂದು ಹೇಳಿದ್ದರು. ಹುಲಗಮ್ಮನದನ್ನು ಯಾರೂ ಎಣಿಸಿರಲಿಲ್ಲ.

ಹೊರಡುವ ದಿನ ಅವಳು ಕೇಳಿದ್ದು ಒಂದೇ. "ಬಿಲ್ಲಿ ಒಂದಿನ ನನ್ನ ಕೊರಳಾಗ ಹಾಕು. ಆಡು ಕಾಯಾಕ ಹೋಗುಮುಂದ ಹಾಕ್ಕೊಂಡು ಹೋಗ್ತೀನಿ. ಆಮ್ಯಾಲೆ ನೀನಽ ಇಟ್ಕೊ."

ಹಾಕುತ್ತೇನೆ ಎಂದು ಅವನು ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ.

ಸೀಟಿ ಊದಿದರು. ಅರವತ್ತು ಹುಡುಗರೂ ಒಮ್ಮೆಲೇ ನುಗ್ಗಿದರು. ಮೊಣಕೈ ತಾಗಿತು, ಯಾರೋ ಬಿದ್ದರು, ಧೂಳೆದ್ದಿತು. ಮೊದಲ ದಿಬ್ಬ ಹತ್ತುವಾಗ ದುರಗಪ್ಪ ಇಪ್ಪತ್ತು ಜನರ ಹಿಂದಿದ್ದ. ಬೂಟು ಕಲ್ಲು ಕಟ್ಟಿದಷ್ಟು ಭಾರವಾಗಿತ್ತು. ಹಳ್ಳ ಇಳಿದು ಹತ್ತುವಷ್ಟರಲ್ಲಿ ಶಹರದ ಹುಡುಗರು ಸೊಂಟ ಹಿಡಿದು ನಿಲ್ಲತೊಡಗಿದರು. ಮಣ್ಣಿನ ಹೆಂಟೆ ತುಂಬಿದ ಹೊಲದಲ್ಲಿ ಅವರ ಕಾಲು ಹೊರಳುತ್ತಿತ್ತು. ದುರಗಪ್ಪನಿಗೆ ಹೆಂಟೆ ಹೊಸದಲ್ಲ. ಒಬ್ಬೊಬ್ಬರನ್ನೇ ದಾಟಿದ. ಅರ್ಧ ದಾರಿ ಮುಗಿದಾಗ ಅವನ ಮುಂದೆ ಉಳಿದದ್ದು ಒಂದೇ ಬೆನ್ನು, ಹಸಿರು ಅಂಗಿಯ ಉದ್ದನೆಯ ಹುಡುಗನದು.

ಬಾವುಟಗಳು ಒಂದು ಜೋಳದ ಹೊಲದ ಅಂಚಿಗೆ ತಿರುಗಿದವು. ಹಸಿರು ಅಂಗಿ ತಿರುಗಿತು. ದುರಗಪ್ಪನೂ ತಿರುಗಿದ. ಎದುರಿಗೆ ಸಗಣಿ ಸಾರಿಸಿದ ದುಂಡನೆಯ ಕಣ. ನಡುವೆ ಎತ್ತು ಕಟ್ಟುವ ಮೇಟಿ ಕಂಬ. ಬಾವುಟದ ದಾರಿ ಕಣವನ್ನೇ ಹಾಯ್ದು ಹೋಗಿತ್ತು.

ಹಸಿರು ಅಂಗಿ ಕಣದ ಮೇಲೆಯೇ ಧಡಧಡ ಓಡಿ ಆಚೆ ಹೋಯಿತು.

ದುರಗಪ್ಪನ ಕಾಲು ನಿಂತವು. ಅವನು ನಿಲ್ಲಬೇಕೆಂದು ನಿಂತದ್ದಲ್ಲ. ಐದು ವರ್ಷದವನಿದ್ದಾಗ ಅಪ್ಪನ ಕೆರ ಮೆಟ್ಟಿಕೊಂಡು ಕಣಕ್ಕೆ ಕಾಲಿಟ್ಟಿದ್ದ. ಹುಲಗಮ್ಮ ಕಿವಿ ಹಿಡಿದು ಹೊರಗೆ ಎಳೆದು, ಗಲ್ಲ ಗಲ್ಲ ಬಡಿದುಕೊಳ್ಳಲು ಹಚ್ಚಿದ್ದಳು. ಕಾಳು ಬಡಿಯುವ ಜಾಗಕ್ಕೆ ಕೆರ ಹಾಕಿಕೊಂಡು ಯಾರೂ ಹೋಗುವುದಿಲ್ಲ. ಗೌಡನೂ ಹೋಗುವುದಿಲ್ಲ. ಆ ಕಿವಿಯ ಉರಿ ಕಾಲಿಗೆ ನೆನಪಿತ್ತು.

ಕೂತು ಲಾಡಿಗೆ ಕೈಹಾಕಿದ. ಮೂರು ಗಂಟು. ಬೆರಳು ಬೆವತು ಜಾರುತ್ತಿದ್ದವು. ಹಲ್ಲು ಹಚ್ಚಿದ. ಒಬ್ಬ ದಾಟಿ ಹೋದ. ಇನ್ನೊಬ್ಬ ಹೋದ. ಒಂದು ಬೂಟು ಬಂತು. ಮತ್ತೆ ಮೂವರು ಅವನ ಮೇಲೆ ಧೂಳು ಎರಚುತ್ತ ಹೋದರು. ಎರಡನೆಯದನ್ನು ಗಂಟು ಬಿಚ್ಚದೆ ಹಾಗೇ ಕಿತ್ತ. ಹತ್ತಿ ಹೊರಗೆ ಬಿತ್ತು.

ಎದ್ದು ನಿಂತಾಗ ಕಣ ಸರಿಯಾಗಿ ಕಂಡಿತು. ಅಲ್ಲಿ ರಾಶಿ ಇರಲಿಲ್ಲ. ತೆನೆಯೂ ಇರಲಿಲ್ಲ. ಎಲ್ಲ ಹೇರಿಕೊಂಡು ಹೋಗಿಯಾಗಿತ್ತು. ಒಂದು ಮೂಲೆಯಲ್ಲಿ ಹೊಟ್ಟು ಬಿದ್ದಿತ್ತು, ಅದನ್ನು ಒಬ್ಬ ಮುದುಕಿ ಗುಡಿಸುತ್ತಿದ್ದಳು. ಅವಳು ಹುಡುಗನ ಕೈಯಲ್ಲಿದ್ದ ಬೂಟು ನೋಡಿದಳು, ಅವನ ಬರಿಗಾಲು ನೋಡಿದಳು. ಖಾಲಿ ಅಂಗೈ ಅಲ್ಲಾಡಿಸಿ, "ಏಮೀ ಲೇದು. ಪೋ ನಾಯನಾ, ಪೋ," ಎಂದಳು. ಏನೂ ಇಲ್ಲ, ಹೋಗು ಎನ್ನುತ್ತಿದ್ದಾಳೆಂದು ಅವಳ ಕೈಯಿಂದಲೇ ತಿಳಿಯಿತು.

ಅವನು ಬೂಟು ಕೈಯಲ್ಲಿ ಹಿಡಿದೇ ಓಡಿದ. ಬರಿಗಾಲಿಗೆ ನೆಲ ಸಿಕ್ಕಿತು. ಏಳನೆಯವನಾಗಿದ್ದವನು ಆರನೆಯವನಾದ, ಐದನೆಯವನಾದ, ಕೊನೆಯ ದಿಬ್ಬ ಇಳಿಯುವಾಗ ನಾಲ್ಕನೆಯವನಾದ. ಮೂರನೆಯವನ ಬೆನ್ನು ಕೈಗೆ ಸಿಗುವಷ್ಟು ಹತ್ತಿರವಿತ್ತು. ಅಷ್ಟರಲ್ಲಿ ಗುರಿಯ ಹಗ್ಗ ಬಂತು.

ನಾಲ್ಕನೆಯವನಿಗೆ ಕೊಟ್ಟದ್ದು ಒಂದು ಲೋಟ ಶರಬತ್ತು.

ಈಶಪ್ಪ ಮಾಸ್ತರರ ಮುಖ ಕೆಂಪಾಗಿತ್ತು. "ಬೂಟು ಕಾಲಾಗ ಹಾಕ್ಕೊಳ್ಳಾಕ ಕೊಟ್ಟಿದ್ದು. ಕೈಯಾಗ ಹಿಡಕೊಂಡು ಮೆರವಣಿಗಿ ಮಾಡಾಕಲ್ಲ," ಎಂದರು.

ದುರಗಪ್ಪ ತಲೆ ತಗ್ಗಿಸಿ, "ನಡುವ ಕಣ ಬಂತ್ರಿ," ಎಂದ.

ಮಾಸ್ತರರೂ ಒಕ್ಕಲುತನದ ಮನೆಯವರೇ. ಬೂಟು ಇಸಿದುಕೊಂಡು ಒಂದಕ್ಕೊಂದು ಬಡಿದು ಧೂಳು ಝಾಡಿಸಿದರು. "ನಾನಾಗಿದ್ರೂ ಬೂಟು ಬಿಚ್ತಿದ್ದೆ. ಆದ್ರ ನಾ ಓಡಾಕ ಬಂದಿರಲಿಲ್ಲಲೇ," ಎಂದರು.

ರೈಲಿನಲ್ಲಿ ಅವರ ಸಿಟ್ಟು ಇಳಿಯಿತು. ಚುನಮುರಿ ಕೊಡಿಸಿದರು. ಮುಂದಿನ ವರ್ಷ ಹುಡುಗಿಯರಿಗೂ ಬೇರೆ ಓಟ ಇಡುತ್ತಾರಂತೆ, ಆದರೆ ನಮ್ಮ ಕಡೆಯಿಂದ ಯಾರು ಬರಬೇಕು ಎಂದು ಎದುರಿಗೆ ಕೂತವರ ಜೊತೆ ಮಾತಾಡಿ ನಕ್ಕರು. ಆಮೇಲೆ ಇವನ ಕಡೆ ತಿರುಗಿದರು.

"ಖರೇ ಹೇಳು. ನಮ್ಮ ಊರ ಕಡೆ ನಿನಗಿಂತ ಜೋರ ಓಡಾವರು ಯಾರರ ಅದಾರೇನು?"

"ಯಾರೂ ಇಲ್ರಿ," ಎಂದ ದುರಗಪ್ಪ. ಹಾಗೆ ಹೇಳಲು ಅವನು ಯೋಚಿಸಲೂ ಇಲ್ಲ.

ಕೊಪ್ಪಳದಲ್ಲಿ ರೈಲು ಬಿಟ್ಟು, ತಾವರಗೇರಾದಲ್ಲಿ ಮೋಟಾರು ಇಳಿದು, ತನ್ನ ಹಳ್ಳಿಯ ಕಡೆ ಒಬ್ಬನೇ ನಡೆದ. ಒಡ್ಡು ಹತ್ತುತ್ತಲೇ ಹುಲಗಮ್ಮ ಕಂಡಳು. ಸುತ್ತಲೂ ಆಡುಗಳು. ಅವನನ್ನು ನೋಡಿ ಅವಳು ಕೊರಳು ಮುಂದೆ ಚಾಚಿ, ಕಣ್ಣು ಮುಚ್ಚಿ ನಿಂತಳು.

"ಇಲ್ಲ," ಎಂದ.

ಅವಳು ಕಣ್ಣು ತೆರೆದಳು. ಅವನು ಬೂಟು, ಗಂಟು, ಹಸಿರು ಅಂಗಿ, ಕಣ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ಗಂಭೀರವಾಗಿ ಕೇಳಿದಳು.

"ಕಣದಾಗ ರಾಶಿ ಇತ್ತೇನು?"

"ಇರಲಿಲ್ಲ. ಬರೇ ಹೊಟ್ಟು."

ಹುಲಗಮ್ಮ ನಕ್ಕಳು. ಕೋಲು ಬಿಟ್ಟು, ಹೊಟ್ಟೆ ಹಿಡಿದುಕೊಂಡು ಒಡ್ಡಿನ ಮೇಲೆ ಕೂತು ನಕ್ಕಳು. "ಹೊಟ್ಟಿಗೆ ಕೈ ಮುಗದು ಬಂದೇನೋ, ದುರುಗ್ಯಾ?"

ದುರಗಪ್ಪನಿಗೆ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. "ನೀನಽ ಕಲಿಸಿದ್ದಿ. ಕಿವಿ ಹಿಂಡಿ ಕಲಿಸಿದ್ದಿ. ನೀ ಆಗಿದ್ರ ಏನ ಮಾಡ್ತಿದ್ದಿ?"

"ನಾ ನಿಲ್ತಿರಲಿಲ್ಲ."

"ಕೆರ ಮೆಟ್ಟಿಕೊಂಡಽ ಕಣದಾಗ ಓಡ್ತಿದ್ದೇನು?"

"ನನ್ನ ಕಾಲಾಗ ಕೆರ ಎಲ್ಲಿ ಅದಾವೋ, ಹುಚ್ಚಾ," ಎಂದಳು ಅವಳು. ಪಾದ ಎತ್ತಿ ತೋರಿಸಿದಳು. ಹಿಮ್ಮಡಿಯಲ್ಲಿ ಒಂದು ಜಾಲಿ ಮುಳ್ಳು ನಟ್ಟಿತ್ತು. ಮಾತಾಡುತ್ತಲೇ ಅದನ್ನು ಕಿತ್ತು ಬಿಸಾಕಿದಳು.

ಅಷ್ಟರಲ್ಲಿ ಕೊಂಬು ಮುರಿದ ಆಡೊಂದು ಬನ್ನಿ ಮರದ ಆಚೆ, ಯಾರದೋ ಕಡಲೆ ಹೊಲಕ್ಕೆ ಬಾಯಿ ಹಾಕಲು ಹೊರಟಿತು. ಹುಲಗಮ್ಮ ಕೋಲು ಎತ್ತಿಕೊಂಡು ಓಡಿದಳು.

ದುರಗಪ್ಪ ಎಣಿಸತೊಡಗಿದ. ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಾಸ್ತರರು ಎಣಿಸಿದ ಹಾಗೆಯೇ, ಅವಸರ ಮಾಡದೆ, ಒಂದೊಂದಾಗಿ ಎಣಿಸಿದ. ಅವಳ ಹಿಮ್ಮಡಿಗಳು ಕರಿ ಮಣ್ಣಿನ ಮೇಲೆ ಪುಟಿಯುತ್ತಿದ್ದವು. ಮುಂದೆ ಯಾರ ಬೆನ್ನೂ ಇರಲಿಲ್ಲ. ಅವಳು ಬನ್ನಿ ಮರ ದಾಟಿದಾಗ ಅವನ ಎಣಿಕೆ ಮೂವತ್ತೆರಡಕ್ಕೆ ಬಂದಿತ್ತು.

ತನ್ನದು ನಲವತ್ತು. ಅವಳದು ಮೂವತ್ತೆರಡೇ.

ರೈಲಿನಲ್ಲಿ ಮಾಸ್ತರರು ಆಡಿದ ಹುಡುಗಿಯರ ಓಟದ ಮಾತು, ಅವರಿಗೆ ತಾನು ಕೊಟ್ಟ ಉತ್ತರ, ಎರಡೂ ನೆನಪಾದವು.

ಹುಲಗಮ್ಮ ಆಡನ್ನು ಕಿವಿ ಹಿಡಿದು ಎಳೆದುಕೊಂಡು ಬಂದಳು. ಅವಳ ಉಸಿರು ಏರಿರಲೇ ಇಲ್ಲ. "ಏನೋ ವಟಗುಟ್ಟಾಕತ್ತಿದ್ದೆಲ್ಲ, ಏನದು?" ಎಂದಳು.

ದುರಗಪ್ಪ ಅವಳ ಕೈಯಿಂದ ಕೋಲು ಇಸಿದುಕೊಂಡ.

"ನಾಳೆ ಆಡು ನಾ ಹೊಡಕೊಂಡು ಹೋಗ್ತೀನಿ. ನೀ ಮುಂಜಾನೆ ಸಾಲಿ ಕಡೆ ಹೋಗು ಅಕ್ಕಾ. ಮಾಸ್ತರ ಎಣಿಸಬೇಕು."

"ಏನ ಎಣಿಸ್ತಾರ?"

ಅವನು ಆಡುಗಳನ್ನು ಒಟ್ಟು ಮಾಡುತ್ತ ಒಡ್ಡು ಇಳಿದ.