ಗೊರಕೆ ನಿಂತ ಮಧ್ಯಾಹ್ನ

ಸೋಮವಾರ ಸಂಜೆ ಠಾಣೆಗೆ ಬಂದ ದೂರುದಾರನ ಅಂಗಿಗೆ ಅಂಟಿದ್ದ ತಮ್ಮನ ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ. ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ತಮ್ಮನ ಮೇಲೆ, ವ್ಯಾಗನ್‌ಗಳನ್ನು ಅತ್ತಿತ್ತ ಸರಿಸುವ ಶಂಟಿಂಗ್ ಎಂಜಿನ್ನಿನ ಚಾಲಕ ಬೇಕೆಂದೇ ವ್ಯಾಗನ್ ನುಗ್ಗಿಸಿದ್ದಾನೆ, ಎಡಗಾಲು ಹೋಗಿದೆ ಎಂಬುದು ದೂರು. ಬಾವುಟ ತೋರಿಸಲು ತಡ ಮಾಡಿದ ಎಂದು ಹಿಂದಿನ ವಾರವಷ್ಟೇ ಚಾಲಕ ಅವನನ್ನು ಎಲ್ಲರೆದುರು ವಾಚಾಮಗೋಚರವಾಗಿ ಬೈದಿದ್ದ. ಆಸ್ಪತ್ರೆಯಲ್ಲಿ ಗಾಯಾಳು ಕೊಟ್ಟ ಹೇಳಿಕೆಯೂ ಅಣ್ಣನ ಮಾತಿಗೆ ತಾಳೆಯಾಯಿತು. ಇನ್ಸ್‌ಪೆಕ್ಟರ್ ಕೊಲೆ ಯತ್ನದ ಎಫ್‌ಐಆರ್ ದಾಖಲಿಸಿ ಚಾಲಕನನ್ನು ಕರೆಸಿದರು.

"ಆಗ ಎಲ್ಲಿದ್ದೆ?"

"ಗೋದಾಮಿನ ಹಿಂದೆ ಊಟ ಮಾಡ್ತಿದ್ದೆ ಸಾರ್. ಒಬ್ಬನೇ."

"ಯಾರೂ ನೋಡ್ಲಿಲ್ವಾ?"

"ನೋಡಿದ್ರೆ ಇಲ್ಲಿ ಯಾಕೆ ನಿಂತಿರ್ತಿದ್ದೆ?"

"ಕೈಬ್ರೇಕ್ ಹಾಕಿದ್ಯಾ?"

"ಹಾಕಿದ್ದೆ" ಎಂದು ಚಾಲಕ ಗೋಡೆ ನೋಡಿದ.

ಅದು ಹಸಿ ಸುಳ್ಳೆಂದು ಇನ್ಸ್‌ಪೆಕ್ಟರಿಗೆ ಹೊಳೆಯಿತು. ಅವನನ್ನು ಒಳಗೆ ತಳ್ಳಲು ದಫೇದಾರನ ಕೈ ತುರಿಸುತ್ತಿತ್ತು. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಒಂದು ರಾತ್ರಿ ಲಾಕಪ್ಪಿನಲ್ಲಿದ್ದರೂ ಕೆಲಸ ಹೋಗುತ್ತದೆ ಎಂದು ಚಾಲಕ ಗೋಗರೆದ. ಸುಳ್ಳು ಹೇಳುವವರೆಲ್ಲ ಕೊಲೆಗಾರರಾಗಿದ್ದರೆ ಠಾಣೆಯೇ ಸಾಲುತ್ತಿರಲಿಲ್ಲ. ಪಂಚನಾಮೆ ಮುಗಿಯಲಿ ಎಂದು ಇನ್ಸ್‌ಪೆಕ್ಟರ್ ಅವನನ್ನು ಬೆಂಚಿನ ಮೇಲೆ ಕೂರಿಸಿದರು.

ಮರುದಿನ ಬೆಳಗ್ಗೆ ಯಾರ್ಡಿನಲ್ಲಿ ಫೋರ್‌ಮನ್ ಎಂಜಿನ್ ತೋರಿಸಿದ.

"ಈ ಕ್ಲಾಸಿನ ಎಂಜಿನ್ನೆಲ್ಲ ಒಂದೇ ಅಚ್ಚು ಸಾರ್. ಡೀಸೆಲ್ ಉರಿದು ಕರೆಂಟ್ ಹುಟ್ಟುತ್ತೆ, ಕರೆಂಟ್ ಗಾಲಿ ತಿರುಗಿಸುತ್ತೆ. ಬ್ಯಾಟರಿ ಮಾತ್ರ ದರಿದ್ರ. ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಮಾಡೋಷ್ಟರಲ್ಲಿ ಜೀವ ಬಾಯಿಗೆ ಬರುತ್ತೆ. ಅದಕ್ಕೇ ಇಡೀ ದಿನ ಗುರುಗುಟ್ಟಿಸ್ತಾ ಬಿಟ್ಟಿರ್ತೀವಿ. ಹುಡುಗರು ಇದನ್ನ ಗೊರಕೆ ಅಂತಾರೆ."

"ನಿನ್ನೆ ನೀವು ಓಡಿ ಬಂದಾಗ ಗೊರಕೆ ಹೊಡೀತಿತ್ತಾ?"

"ಇಲ್ಲ ಸಾರ್. ತೆಪ್ಪಗಿತ್ತು."

"ಆಫ್ ಆಗಿದ್ದ ಎಂಜಿನ್ ಹೇಗೆ ಓಡ್ತು?"

"ಎಂಜಿನ್ ನಿಂತ್ರೆ ಬ್ರೇಕಿನ ಗಾಳಿ ನಿಧಾನಕ್ಕೆ ಸೋರಿಹೋಗಿ ಬ್ರೇಕ್ ಸಡಿಲ ಆಗುತ್ತೆ. ನಿನ್ನೆ ಇಳಿಜಾರಿನ ಮೇಲಿತ್ತು, ಉರುಳಿ ಕೆಳಗಿದ್ದ ವ್ಯಾಗನ್ನಿಗೆ ಗುದ್ದಿದೆ. ಕೈಬ್ರೇಕ್ ಸುತ್ತಿದ್ರೆ ಉರುಳ್ತಿರ್ಲಿಲ್ಲ. ಆದ್ರೆ ಗೊರಕೆ ಹೊಡೀತಿರೋವಾಗ ಗಾಳಿ ಇದ್ದೇ ಇರುತ್ತಲ್ಲ, ಯಾರೂ ಸುತ್ತಲ್ಲ."

ಚಾಲಕನ ಸುಳ್ಳು ಕೈಬ್ರೇಕಿನದಷ್ಟೇ ಆಗಿತ್ತು. ಆದರೆ ಎಂಜಿನ್ ನಿಲ್ಲಿಸಿದ್ದು ಯಾರು? ಇನ್ಸ್‌ಪೆಕ್ಟರಿಗೆ ಈಗ ಎದುರಿಗಿದ್ದ ಫೋರ್‌ಮನ್ ಮೇಲೂ ಅನುಮಾನ.

"ಆಫ್ ಮಾಡೋಕೆ ಮೇಲೆ ಹತ್ತಬೇಕಾ?"

"ಬೇಡ. ಬೆಂಕಿ ಗಿಂಕಿ ಬಿದ್ರೆ ಅಂತ ಹೊರಗೇ ಒಂದು ಕೆಂಪು ಗುಂಡಿ ಇದೆ. ನೆಲದ ಮೇಲೆ ನಿಂತೇ ಒತ್ತಬಹುದು. ಈ ತಿಂಗಳು ಊಟದ ಹೊತ್ತಲ್ಲಿ ಎಷ್ಟೋ ಸಲ ನಿಂತಿತ್ತು. ಕೆಟ್ಟಿದೆ ಅಂದ್ಕೊಂಡು ಡೀಸೆಲ್ ಪೈಪ್ ಬಿಚ್ಚಿ ಬಿಚ್ಚಿ ನಮಗೆ ಸಾಕಾಗಿತ್ತು."

ಊಟದ ಹೊತ್ತಿನಲ್ಲಿ ಒಳಗೆ ಬರುವ ಹೊರಗಿನವರು ಯಾರೆಂದು ದಫೇದಾರ ಗೇಟಿನಲ್ಲಿ ವಿಚಾರಿಸಿ ಬಂದ. ಒಬ್ಬಳೇ ಒಬ್ಬಳು ಬರುತ್ತಿದ್ದಳು, ಗಂಡನಿಗೆ ಊಟ ತರುವ ಪಾಯಿಂಟ್ಸ್‌ಮನ್ನನ ಹೆಂಡತಿ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವಳು ಕಿಟಕಿಯ ಬಳಿ ನಿಂತಿದ್ದಳು. ಇನ್ಸ್‌ಪೆಕ್ಟರ್ ಗಂಡನನ್ನೇ ಕೇಳಿದರು.

"ಎಂಜಿನ್ ಬಂದಿದ್ದು ಹೇಗೆ ಗೊತ್ತಾಯ್ತು?"

"ಗುಡುಗ್ತಾ ಬಂತು ಸಾರ್. ಅವನೇ ಓಡಿಸ್ತಿದ್ದ. ಕಣ್ಣಾರೆ ನೋಡ್ದೆ."

"ಎಂಜಿನ್ ಆಫ್ ಆಗಿತ್ತಂತೆ."

ಪಾಯಿಂಟ್ಸ್‌ಮನ್ ಇನ್ಸ್‌ಪೆಕ್ಟರನ್ನು ನೋಡಲಿಲ್ಲ. ಅವನ ಕಣ್ಣು ಸೀದಾ ಕಿಟಕಿಯ ಕಡೆ ಹೋಯಿತು. ಇನ್ಸ್‌ಪೆಕ್ಟರ್ ಕೂಡ ಅತ್ತಲೇ ತಿರುಗಿದರು.

"ನಾನೇ ಒತ್ತಿದ್ದು" ಎಂದಳು ಅವಳು.

"ಸುಮ್ನಿರೇ! ಬಾಯಿ ಮುಚ್ಚು!"

"ಎಷ್ಟು ದಿನ ಮುಚ್ಕೊಂಡಿರ್ಲಿ? ಆ ಮನುಷ್ಯನಿಗೂ ಮಕ್ಕಳಿದ್ದಾರೆ." ಅವಳು ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ತಿಂಗಳಿಂದ ಇವರಿಗೆ ಎರಡೆರಡು ಪಾಳಿ ಸಾರ್. ಕಣ್ಣು ಕೆಂಡ ಆಗಿರ್ತಿತ್ತು. ನಿದ್ದೆಗಣ್ಣಲ್ಲಿ ಬಾವುಟ ತಡ ಮಾಡಿ ಬೈಸ್ಕೊಂಡ್ರು. ಊಟ ಮಾಡಿ ವ್ಯಾಗನ್ ನೆರಳಲ್ಲಿ ಹಳಿ ಮೇಲೆ ಕಾಲು ಚಾಚ್ಕೊಂಡು ಮಲಗ್ತಿದ್ರು. ಆ ಸದ್ದಲ್ಲಿ ಯಾರಿಗೆ ನಿದ್ದೆ ಬರುತ್ತೆ? ಅದಕ್ಕೆ ಒತ್ತಿ ಮನೆಗೆ ಹೋಗ್ತಿದ್ದೆ. ಗುಂಡಿ ತೋರಿಸಿಕೊಟ್ಟಿದ್ದೂ ಇವರೇ, ಮದುವೆಯಾದ ಹೊಸದರಲ್ಲಿ, ಜಂಬಕ್ಕೆ. ಎಂಜಿನ್ ಯಾವಾಗ್ಲೂ ಸಮತಟ್ಟು ಹಳಿ ಮೇಲಿರ್ತಿತ್ತು. ಉರುಳುತ್ತೆ ಅಂತ ಯಾರೂ ಹೇಳಿರ್ಲಿಲ್ಲ."

ಇನ್ಸ್‌ಪೆಕ್ಟರಿಗೆ ಗಂಡನ ಮೇಲೆ ಕೋಪ ಉಕ್ಕಿತು. "ತಪ್ಪು ಮಾಡದವನನ್ನ ಕೊಲೆಗಾರ ಮಾಡೋಕೆ ಹೊರಟಿದ್ದೆಯಲ್ಲೋ!"

"ಎಚ್ಚರ ಆದಾಗ ಸದ್ದೇ ಇರ್ಲಿಲ್ಲ ಸಾರ್. ಆಗ್ಲೇ ಗೊತ್ತಾಯ್ತು, ಇದು ಇವಳ ಕೆಲಸ ಅಂತ. ಬಾಯಿಗೆ ಬಂದ ಹೆಸರು ಹೇಳ್ದೆ."

ಇನ್ಸ್‌ಪೆಕ್ಟರ್ ಠಾಣೆಗೆ ಫೋನ್ ಮಾಡಿ ಚಾಲಕನನ್ನು ಮನೆಗೆ ಕಳುಹಿಸಲು ಹೇಳಿದರು. ಕೈಬ್ರೇಕಿನ ಲೆಕ್ಕ ಅವನು ಇಲಾಖೆಗೆ ಒಪ್ಪಿಸಬೇಕು. ಕೊಲೆ ಯತ್ನದ ಕಲಂ ಬಿಟ್ಟು, ಅಜಾಗರೂಕತೆಯ ಕಲಂ ಹಾಕಿ, ಮೂರೂವರೆಗೆ ಹೆಂಡತಿಯನ್ನು ಬಂಧಿಸಲಾಯಿತು. ಸಂಜೆಯೊಳಗೆ ಜಾಮೀನು ಸಿಗುತ್ತದೆಂದು ಮಹಿಳಾ ಕಾನ್ಸ್‌ಟೇಬಲ್ ಹೇಳಿದಳು. ಹೆಂಡತಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಗಂಡನ ಹೊದಿಕೆ ಸರಿಪಡಿಸಿ ಹೊರಟಳು.

ಅವಳ ಹೆಜ್ಜೆಯ ಸದ್ದು ಮೆಟ್ಟಿಲಿಳಿದ ಮೇಲೆ ಪಾಯಿಂಟ್ಸ್‌ಮನ್ ಇನ್ಸ್‌ಪೆಕ್ಟರ ತೋಳು ಹಿಡಿದುಕೊಂಡ.

"ಒಂದು ಮಾತು ಸಾರ್. ಅವಳಿಗೆ ಹೇಳ್ಬೇಡಿ. ಗೊರಕೆ ಇದ್ದ ದಿನ ಸುಮ್ನೆ ಕಣ್ಣು ಮುಚ್ಕೊಂಡಿರ್ತಿದ್ದೆ. ದೂರದಲ್ಲಿ ಗಾಲಿ ಅಲುಗಿದ್ರೂ ಎದ್ದುಬಿಡ್ತಿದ್ದೆ. ನಿನ್ನೆ ಒಳ್ಳೇ ನಿದ್ದೆ ಬಂದಿತ್ತು."

ಇನ್ಸ್‌ಪೆಕ್ಟರ್ ಆ ಮಾತನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.